ವಿಯೆಂಟಿಯಾನ್‌ನ ಕೋಪ್ ಕೇಂದ್ರ: ಲಾವೋಸ್‌ಗೆ ಹೋದರೆ ಅರ್ಧ ದಿನ ಇದಕ್ಕೆ ಎತ್ತಿಡಿ

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ನಾನು 23 ವರ್ಷದಿಂದ ಕೃತಕ ಕಾಲು ಮಾಡುತ್ತಿದ್ದೇನೆ. ಪ್ಲಾಸ್ಟರ್ ಅಚ್ಚು ತೆಗೆಯುವುದು, ಸಾಕೆಟ್ (ಉಳಿದ ಕಾಲು ಕೂರುವ ಬಟ್ಟಲು) ಮಾಡುವುದು, ತೊಡಿಸಿ ನಡೆಸಿ ನೋಡುವುದು, ಚುಚ್ಚಿದರೆ ಮತ್ತೆ ಉಜ್ಜುವುದು. ಇದೇ ನನ್ನ ಕೆಲಸ. ಹಾಗಾಗಿ ಮನೆಯವರ ಜೊತೆ ಥಾಯ್ಲೆಂಡ್, ಲಾವೋಸ್ ಪ್ರವಾಸಕ್ಕೆ ಹೊರಟಾಗ, ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಕೃತಕ ಕಾಲುಗಳ ಪ್ರದರ್ಶನವಿರುವ ಕೋಪ್ ಕೇಂದ್ರವನ್ನು ನೋಡಿಯೇ ಬರಬೇಕು ಅಂದುಕೊಂಡಿದ್ದೆ. ನಮ್ಮ ಟೂರ್ ಕಂಪನಿಯ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಗೈಡ್‌ಗೆ ಹೇಳಿ ಹೇಳಿ ಕೊನೆಗೆ 40 ನಿಮಿಷ ಸಿಕ್ಕಿತು. ಸಾಲಲಿಲ್ಲ. ಮರುದಿನ ಉಳಿದವರೆಲ್ಲ ಮಾರ್ಕೆಟ್‌ಗೆ ಹೋದರು, ನಾವಿಬ್ಬರೂ ಟುಕ್‌ಟುಕ್ ಹಿಡಿದು ಮತ್ತೆ ಇಲ್ಲಿಗೆ ಬಂದೆವು.

ಜಾಗ ಊರಿನೊಳಗೇ, ಖೂ ವಿಯೆಂಗ್ ರಸ್ತೆಯಲ್ಲಿದೆ. ಸರ್ಕಾರಿ ಪುನರ್ವಸತಿ ಆಸ್ಪತ್ರೆಯ ಆವರಣ. ಟಿಕೆಟ್ ಇಲ್ಲ, ಡಬ್ಬಿಗೆ ಕೈಲಾದಷ್ಟು ಹಾಕಬಹುದು. ಕೋಪ್ ಸಂಸ್ಥೆಯ ಕೆಲಸ ಅಂದರೆ ಲಾವೋಸ್‌ನ ಬಡವರಿಗೆ ಕೃತಕ ಕಾಲು, ಕೈ ಸಿಗುವ ಹಾಗೆ ಮಾಡುವುದು. ಈ ಪ್ರದರ್ಶನ ಅದರದೇ ಭಾಗ.

ಒಳಗೆ ಹೋದರೆ ಮೇಲಿನಿಂದ ಏನೋ ಇಳಿಬಿಟ್ಟಿದ್ದಾರೆ. ದೂರದಿಂದ ತೋರಣ ಅನ್ನಿಸುತ್ತದೆ. ಹತ್ತಿರ ಹೋದಾಗ ಗೊತ್ತಾಗುತ್ತದೆ, ಅದು ಬಾಯಿ ತೆರೆದ ಕ್ಲಸ್ಟರ್ ಬಾಂಬಿನ ಕವಚ. ಅದರಿಂದ ಉದುರುತ್ತಿರುವ ಸಣ್ಣ ಸಣ್ಣ ಗುಂಡನೆಯ ಬಾಂಬುಗಳನ್ನು ದಾರದಲ್ಲಿ ಕಟ್ಟಿದ್ದಾರೆ. ಒಂದೊಂದೂ ಮೂಸಂಬಿಯಷ್ಟು ದಪ್ಪ. ಇಂಥವು ಒಂದು ಕವಚದಲ್ಲಿ 600ಕ್ಕೂ ಹೆಚ್ಚು ಇರುತ್ತಿದ್ದವು. ಲಾವೋಸ್ ಜನ ಇದನ್ನು 'ಬಾಂಬಿ' ಅನ್ನುತ್ತಾರೆ. ಮಗು ನೋಡಿದರೆ ಚೆಂಡು ಅಂತಲೇ ಎತ್ತಿಕೊಳ್ಳುತ್ತದೆ. ಹಾಗೆ ಎತ್ತಿಕೊಂಡ ಮಕ್ಕಳೂ ಇದ್ದಾರೆ.

1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ 5,80,000 ಸಲ ದಾಳಿಗೆ ಹಾರಿದವು. 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿದವು. ಸರಾಸರಿ ತೆಗೆದರೆ ಎಂಟು ನಿಮಿಷಕ್ಕೊಂದು ವಿಮಾನದ ಹೊರೆ, ಹಗಲೂ ರಾತ್ರಿ, ಒಂಬತ್ತು ವರ್ಷ. ಅಮೆರಿಕದ ಮುಖ್ಯ ಯುದ್ಧ ನಡೆಯುತ್ತಿದ್ದದ್ದು ಪಕ್ಕದ ವಿಯೆಟ್ನಾಮಿನಲ್ಲಿ. 1962ರ ಜಿನೀವಾ ಒಪ್ಪಂದದ ಪ್ರಕಾರ ಲಾವೋಸ್ ಯಾರ ಪಕ್ಷಕ್ಕೂ ಸೇರದ ದೇಶ. ಆದರೆ ಉತ್ತರ ವಿಯೆಟ್ನಾಂ ದಕ್ಷಿಣಕ್ಕೆ ಸೈನಿಕರನ್ನು, ಸಾಮಗ್ರಿಯನ್ನು ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿ ಅದರ ಕಾಡಿನಲ್ಲಿ ಹಾದುಹೋಗಿತ್ತು. ಈ ದಾಳಿಯ ವಿಷಯವನ್ನು ಅಮೆರಿಕದ ಜನರಿಗೂ ವರ್ಷಗಟ್ಟಲೆ ಹೇಳಿರಲಿಲ್ಲ. ಬಿದ್ದ ಬಾಂಬಿಗಳು 27 ಕೋಟಿ. ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲೇ ಉಳಿದವು. ಯುದ್ಧ ಮುಗಿದ ಮೇಲೆಯೇ ಇವಕ್ಕೆ ಸಿಕ್ಕಿ ಸುಮಾರು 20,000 ಜನ ಸತ್ತಿದ್ದಾರೆ, ಇಲ್ಲವೇ ಗಾಯಗೊಂಡಿದ್ದಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ಹಳೆಯ ಕಾಲುಗಳ ಮುಂದೆ. ಇವು ಆಸ್ಪತ್ರೆಯಲ್ಲಿ ಮಾಡಿದ್ದಲ್ಲ. ಕಾಲು ಕಳೆದುಕೊಂಡವರು ಮನೆಯಲ್ಲೇ ಮಾಡಿಕೊಂಡದ್ದು. ಕೋಪ್‌ನಲ್ಲಿ ಹೊಸ ಕಾಲು ಸಿಕ್ಕಿದ ಮೇಲೆ ಇಲ್ಲಿ ಬಿಟ್ಟು ಹೋಗಿದ್ದಾರೆ. ಮರದ್ದು, ಬಿದಿರಿನದ್ದು, ಬಾಂಬಿನ ಗುಜರಿ ತಗಡನ್ನೇ ಬಗ್ಗಿಸಿ ಮಾಡಿದ್ದು. ಒಂದು ಮರದ ಕಾಲಿನ ಬುಡ ಒಳಬದಿಗೆ ಮಾತ್ರ ಸವೆದಿತ್ತು. ಆ ಮನುಷ್ಯ ಹೇಗೆ ವಾಲಿ ನಡೆಯುತ್ತಿದ್ದ, ಸೊಂಟ ಎಷ್ಟು ನೋಯುತ್ತಿತ್ತು ಅಂತ ನನಗೆ ಅಷ್ಟರಲ್ಲೇ ಗೊತ್ತಾಯಿತು. ಇನ್ನೊಂದರ ಬಾಯಿಗೆ ಬಟ್ಟೆ ಸುತ್ತಿದ್ದರು, ಮೊಂಡಿಗೆ (ತುಂಡಾಗಿ ಉಳಿದ ಕಾಲಿಗೆ) ಉಜ್ಜಬಾರದು ಅಂತ. ಆ ಬಟ್ಟೆ ಬೆವರಿಗೆ ಕಪ್ಪಾಗಿತ್ತು. ವರ್ಷಗಟ್ಟಲೆ ಹಾಕಿಕೊಂಡು ಗದ್ದೆಗೆ ಇಳಿದಿರಬೇಕು. ಯಾವ ತರಬೇತಿಯೂ ಇಲ್ಲದೆ ಎಷ್ಟು ಚೆನ್ನಾಗಿ ಅಳತೆ ಹಿಡಿದಿದ್ದಾರೆ! ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯವರು ಏನೂ ಮಾತಾಡದೆ ನೀರಿನ ಬಾಟಲಿ ಕೊಟ್ಟರು.

ಲಾವೋಸ್‌ನ ಬಾಂಬುಗಳ ಬಗ್ಗೆ ಕೆಲಸ ಮಾಡುವ ಅಮೆರಿಕದ ಲೆಗಸೀಸ್ ಆಫ್ ವಾರ್ ಸಂಸ್ಥೆಯವರ ಒಂದು ಲೆಕ್ಕವನ್ನು ಪ್ರವಾಸಕ್ಕೆ ಮುಂಚೆಯೇ ಓದಿದ್ದೆ. 2013ರ ಬೆಲೆಯಲ್ಲಿ ಹೇಳುವುದಾದರೆ, ಈ ಬಾಂಬ್ ದಾಳಿಗೆ ಅಮೆರಿಕ ದಿನಕ್ಕೆ 1.33 ಕೋಟಿ ಡಾಲರ್ ಸುರಿದಿತ್ತು. 1993ರಿಂದ 2016ರವರೆಗೆ ಅದೇ ಬಾಂಬು ತೆಗೆಸಲು ಕೊಟ್ಟದ್ದು ಸರಾಸರಿ ವರ್ಷಕ್ಕೆ 49 ಲಕ್ಷ ಡಾಲರ್. ಒಬಾಮಾ 2016ರಲ್ಲಿ ಬಂದು ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ಹಾಗೆ ನೋಡಿದರೂ ಅದು ಬಾಂಬು ಹಾಕಿದ ಒಂದು ವಾರದ ಖರ್ಚು, ಅಷ್ಟೇ.

ಕಾಲಿನ ಖರ್ಚನ್ನು ನಾನು ಅಲ್ಲೇ ಒಂದು ಬಿಲ್ಲಿನ ಹಿಂದೆ ಬರೆದು ನೋಡಿದೆ. ಎಂಟು ವರ್ಷದ ಹುಡುಗ ಕಾಲು ಕಳೆದುಕೊಂಡ ಅಂದುಕೊಳ್ಳಿ. ಬೆಳೆಯುವ ಮಗುವಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಲು ಬದಲಾಯಿಸಲೇಬೇಕು. ವರ್ಷಕ್ಕೊಂದು ಅಂದರೂ 18 ತುಂಬುವಷ್ಟರಲ್ಲಿ 10. ಆಮೇಲೆ ಮೂರು ವರ್ಷಕ್ಕೊಂದರಂತೆ 60ರವರೆಗೆ 14. ಒಬ್ಬ ಹುಡುಗನಿಗೆ 24 ಕಾಲು. ಮಧ್ಯೆ ಮೊಂಡಿನ ಮೂಳೆ ಬೆಳೆದು ಚರ್ಮ ಚುಚ್ಚಿದರೆ ಮತ್ತೆ ಆಪರೇಷನ್. ಪ್ರತಿ ಸಲ ಬೆಟ್ಟದ ಊರಿನಿಂದ ಆಸ್ಪತ್ರೆಗೆ ಬರುವ ಬಸ್ಸು, ಅಪ್ಪನ ಕೂಲಿ ನಷ್ಟ. ಒಂದು ಬಾಂಬಿಯ ನಿಜವಾದ ಬೆಲೆ ಇದೇ ಅಲ್ವಾ?

ನಮ್ಮ ಕಡೆಯ ಒಬ್ಬ ಮಾಜಿ ಸೈನಿಕರು ನೆನಪಾದರು. 2002ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಆಗಬಹುದು ಅಂತ ರಾಜಸ್ಥಾನದ ಗಡಿಯಲ್ಲಿ ನೆಲಬಾಂಬು ಹೂಳುವಾಗ ಅವರ ಪಾದ ಹೋಯಿತು. ಯುದ್ಧ ಆಗಲೇ ಇಲ್ಲ. ಅವರಿಗೆ ಕಾಲು ಕೊಡುವುದು ಪುಣೆಯ ಸೇನಾ ಕೇಂದ್ರ. ಪಟ್ಟಿ ಕಿತ್ತರೆ ನಮ್ಮಲ್ಲಿಗೆ ಬರುತ್ತಾರೆ. "ಅಕ್ಕಾ, ಇದು ಎಷ್ಟನೇದು ಅಂತ ನನಗೇ ಲೆಕ್ಕ ತಪ್ಪಿದೆ" ಅಂತ ಒಮ್ಮೆ ಹೇಳಿದ್ದರು.

ಪ್ರದರ್ಶನದಲ್ಲಿ ಲಾವೋಸ್‌ನ ಒಂದು ಹಳ್ಳಿಮನೆಯನ್ನೂ ಕಟ್ಟಿ ತೋರಿಸಿದ್ದಾರೆ. ಬಾಂಬಿನ ಗುಜರಿಯಿಂದ ಮಾಡಿದ ಪಾತ್ರೆ, ಸೌಟು ಎಲ್ಲ ಇವೆ. ಅಲ್ಲಿ ನನಗೆ ಅಡುಗೆಮನೆಯೇ ಹೆಚ್ಚು ಭಯ ಹುಟ್ಟಿಸಿತು. ನೆಲದಲ್ಲಿ ಬಾಂಬಿ ಹೂತಿರುತ್ತದೆ, ಗೊತ್ತಿಲ್ಲದೆ ಅದರ ಮೇಲೆ ಒಲೆ ಹಚ್ಚುತ್ತಾರೆ, ಬಿಸಿಗೆ ಅದು ಸಿಡಿಯುತ್ತದೆ. ಹೊಲದಲ್ಲೂ ಇದೇ ಕಥೆ. ಆಳಕ್ಕೆ ಅಗೆಯಲು ಹೆದರಿಕೆ, ಹೊಸ ಗದ್ದೆ ಮಾಡಲು ಹೆದರಿಕೆ. ಒಳ್ಳೆಯ ಮಣ್ಣು ಸುಮ್ನೆ ಬಿದ್ದಿರುತ್ತದೆ. ಶಿಯಾಂಗ್ ಖುವಾಂಗ್ ಪ್ರಾಂತ್ಯದ ಕಡೆ ಬಾಂಬು ಬಿದ್ದ ಗುಂಡಿಗಳು ಇನ್ನೂ ಹಾಗೇ ಇವೆ. ಕೆಲವದರಲ್ಲಿ ಮೀನು ಸಾಕಿದ್ದಾರೆ.

ಈ ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ 2008ರಲ್ಲಿ ಓಸ್ಲೋದಲ್ಲಿ ಸಹಿ ಶುರುವಾಯಿತು, 2010ರಲ್ಲಿ ಅದು ಜಾರಿಗೆ ಬಂತು. ಸದಸ್ಯ ದೇಶಗಳ ಮೊದಲ ಸಭೆ ನಡೆದದ್ದು ಇದೇ ವಿಯೆಂಟಿಯಾನ್‌ನಲ್ಲಿ. ಅಮೆರಿಕ, ರಷ್ಯಾ, ಚೀನಾ ಸೇರಿಲ್ಲ. ಭಾರತವೂ ಸೇರಿಲ್ಲ. ಆ ಕಾಲುಗಳ ಮುಂದೆ ನಿಂತಿದ್ದಾಗ ಇದು ನೆನಪಾಗಿ ನನಗೆ ನಾಚಿಕೆಯಾಯಿತು. 2023ರಲ್ಲಿ ಅಮೆರಿಕ ಉಕ್ರೇನ್‌ಗೆ ಇದೇ ಜಾತಿಯ ಬಾಂಬು ಕೊಟ್ಟಿತು. ಅಲ್ಲಿ ರಷ್ಯಾವೂ ಇವನ್ನು ಬಳಸಿದೆ. ಅಲ್ಲಿನ ಮಕ್ಕಳಿಗೆ ಇನ್ನು ಎಷ್ಟು ವರ್ಷ ಕಾಲು ಮಾಡಬೇಕೋ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಹೋಗಿ, ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ತೆರೆಯುವ ಸಮಯ ಮೊದಲೇ ನೋಡಿಕೊಳ್ಳಿ. ಬರಹ ಲಾವೋ ಮತ್ತು ಇಂಗ್ಲಿಷಿನಲ್ಲಿದೆ. ನಮ್ಮ ಮನೆಯವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೂ ವಸ್ತುಗಳನ್ನು ನೋಡಿಯೇ ಎಲ್ಲ ಅರ್ಥ ಮಾಡಿಕೊಂಡರು. ಹತ್ತು ದಾಟಿದ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದು, ರಕ್ತಸಿಕ್ತ ಚಿತ್ರಗಳಿಂದ ಹೆದರಿಸುವ ಜಾಗ ಇದಲ್ಲ. ಪಕ್ಕದಲ್ಲಿ ಸಣ್ಣ ಕೆಫೆ, ಅಂಗಡಿ ಇವೆ. ಅಂಗಡಿಯ ದುಡ್ಡು ಕಾಲು ಮಾಡಲು ಹೋಗುತ್ತದೆ, ಹಾಗಾಗಿ ಊರಿಗೆ ಒಯ್ಯುವ ಸಾಮಾನನ್ನು ಇಲ್ಲೇ ಕೊಳ್ಳಿ. ನಾನು ರೇಷ್ಮೆ ಶಾಲಿಗೆ ಎತ್ತಿಟ್ಟಿದ್ದ ದುಡ್ಡನ್ನು ಡಬ್ಬಿಗೆ ಹಾಕಿ ಬಂದೆ.