ಬಳ್ಳಾರಿಯ ಬಿಸಿಲಿನಲ್ಲೂ ಕೊಲೆಟ್‌ಗೆ ತುಕ್ಕು: ಶೆಡ್ಡಿನಲ್ಲಿ ಕೂಲರ್ ಇಟ್ಟವರು ಗಮನಿಸಿ

ಮನೆಯ ಶೆಡ್ಡಿನಲ್ಲಿ ಚಿಕ್ಕ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡು ಬಿಡುವಿನಲ್ಲಿ ಕೆಲಸ ಮಾಡುವ ಬಳ್ಳಾರಿ, ರಾಯಚೂರು ಕಡೆಯ ಮಿತ್ರರು ಟೂಲ್‌ಗಳ ಖಾನೆಗೆ ಸ್ಪಂಜು ಹಾಸುವ ಮುನ್ನ ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ತುಕ್ಕು ಕರಾವಳಿಯವರ ತಾಪತ್ರಯ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿಗೆ ಅದು ಬಾರದು ಎಂದು ನಾನು ನಂಬಿದ್ದೆ. ಒಂದೇ ಬೇಸಿಗೆಯಲ್ಲಿ 18ರ ಸೆಟ್ಟಿನ 7 ಈಆರ್32 ಅಳತೆಯ ಕೊಲೆಟ್‌ಗಳು (ಮಷೀನಿನಲ್ಲಿ ಕಟರನ್ನು ಬಿಗಿಹಿಡಿಯುವ ಸೀಳುಳ್ಳ ಉಕ್ಕಿನ ಬಳೆಗಳು) ಹಾಳಾದವು.

ಎಂಡ್ ಮಿಲ್‌ಗಳು, ಅಂದರೆ ಮಿಲ್ಲಿಂಗ್ ಮಷೀನಿನ ಕಟರ್‌ಗಳು, ಒಂದಕ್ಕೊಂದು ತಗುಲಿದರೆ ಅಂಚು ಮುಕ್ಕಾಗುತ್ತದೆ. ಕಾರ್ಬೈಡ್ ಎಂಬ ಗಟ್ಟಿ, ಪೆಡಸು ವಸ್ತುವಿನದ್ದಾದರಂತೂ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಹೀಗಾಗಬಾರದೆಂದು ಉಕ್ಕಿನ ಅಲ್ಮೇರಾದ ಖಾನೆಗಳಿಗೆ ದಪ್ಪ ಸ್ಪಂಜು ಹಾಸಿ, ಒಂದೊಂದು ಟೂಲಿನ ಆಕಾರಕ್ಕೂ ಗುಳಿ ಕತ್ತರಿಸಿ, ಎಣ್ಣೆ ಸವರಿ ಮಲಗಿಸಿದ್ದೆ. ನೋಡಲು ಒಡವೆ ಅಂಗಡಿಯಂತಿತ್ತು.

ಸೆಕೆ ತಾಳಲಾರದೆ ಏಪ್ರಿಲ್‌ನಲ್ಲಿ ಒಂದು ಕೂಲರ್ ತಂದಿಟ್ಟೆ. ನೀರು ಆವಿಯಾಗುವುದರಿಂದಲೇ ಕೂಲರಿನ ಗಾಳಿ ತಂಪಾಗುವುದು. ಆ ತೇವದ ಗಾಳಿ ಹೊರಗೆ ಹೋಗಲು ದಾರಿ ಇರಲೇಬೇಕು. ಆದರೆ ಸಂಡೂರು ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳ ಕೆಂಧೂಳು ಮಷೀನಿನ ಮೇಲೆ ಕೂರಬಾರದೆಂದು ನಾನು ಷಟರ್ ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ಕೊಲೆಟ್‌ಗಳ ಮೇಲೆ ನಸುಗೆಂಪು ಪುಡಿ ಕಾಣಿಸಿತು. ಊರೆಲ್ಲ ಕೆಂಪಾಗಿರುವಾಗ ಅನುಮಾನ ಎಲ್ಲಿಂದ ಬರಬೇಕು? ಅದಿರಿನ ಧೂಳೇ ಎಂದು ಒರೆಸಿ ಇಡುತ್ತಾ ಹೋದೆ.

ಅಲ್ಯೂಮಿನಿಯಂ ತುಂಡೊಂದನ್ನು ಕಡೆಯುವಾಗ ಎರಡು ಹಲ್ಲಿನ 4 ಮಿ.ಮೀ. ಕಾರ್ಬೈಡ್ ಕಟರ್ ಎರಡು ಸಲ ಮುರಿದ ಮೇಲೆ ಡಯಲ್ (ಸೂಕ್ಷ್ಮ ಓಲಾಟ ಅಳೆಯುವ ಮಾಪಕ) ಹಚ್ಚಿ ನೋಡಿದೆ: 0.06 ಮಿ.ಮೀ. ಔಟ್, ಅಂದರೆ ಕಟರ್ ನಡುವಿನಿಂದ ಸರಿದು ಓಲಾಡುತ್ತಾ ತಿರುಗುತ್ತಿತ್ತು. ಒಂದೊಂದು ಹಲ್ಲೂ 0.03 ಮಿ.ಮೀ. ಕಡೆಯುವಂತೆ ಫೀಡ್ ಕೊಡುವಲ್ಲಿ ಇಷ್ಟು ಔಟ್ ಬಂದರೆ ಒಂದೇ ಹಲ್ಲು ಎಲ್ಲ ಭಾರ ಹೊತ್ತು, ಇನ್ನೊಂದು ಬರಿದೇ ತಿರುಗುತ್ತದೆ. ಪರಿಚಯದ ಲೇತ್ ಮೇಸ್ತ್ರಿಯೊಬ್ಬರಿಗೆ ಕೊಲೆಟ್ ತೋರಿಸಿದಾಗ ಅವರು ಉಗುರಿನಿಂದ ಗೀರಿ, ‘ತಮ್ಮಾ, ಇದು ಧೂಳಲ್ಲೋ, ಜಂಗು’ ಎಂದರು. ಟೇಪರಿನ, ಅಂದರೆ ಕೊಲೆಟ್ ಮಷೀನಿನೊಳಗೆ ಕೂರುವ ಇಳಿಜಾರು ಮೈಯ, ಮೇಲೆ ಸಣ್ಣ ಸಣ್ಣ ಗುಂಡಿಗಳು ಬಿದ್ದು ಅದು ನೆಟ್ಟಗೆ ಕೂರುತ್ತಿರಲಿಲ್ಲ.

ಆಮೇಲೆ ಒಂದು ತೇವಮಾಪಕ ತಂದಿಟ್ಟೆ. ಕೂಲರ್ ಓಡುವಾಗ ಶೆಡ್ಡಿನೊಳಗೆ ಶೇ 70ಕ್ಕೂ ಮೇಲೆ ತೋರಿಸಿತು. ಶೇ 60 ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ನಾನು ಸವರಿದ್ದ ಎಣ್ಣೆಯನ್ನು ಸ್ಪಂಜು ಹೀರಿಕೊಂಡು, ಅದರ ಬದಲು ತೇವವನ್ನು ಹಿಡಿದಿಟ್ಟುಕೊಂಡಿತ್ತು. ಸಾಲದ್ದಕ್ಕೆ ಕೂಲರಿಗೆ ಹಾಕುತ್ತಿದ್ದುದು ಬೋರ್‌ವೆಲ್‌ನ ಗಡುಸು ನೀರು. ಅದರ ತುಂತುರಿನ ಜೊತೆ ಉಪ್ಪಿನಂಶವೂ ಹಾರಿ ಬರುತ್ತದೆ. (ಬಚ್ಚಲು ತೊಳೆಯುವ ಆಸಿಡ್ ಬಾಟಲಿಯನ್ನು ಶೆಡ್ಡಿನಲ್ಲಿ ಇಡುವವರಿದ್ದಾರೆ. ಮುಚ್ಚಳ ಬಿಗಿಯಾಗಿದ್ದರೂ ಸೋರುವ ಅದರ ಹೊಗೆ ಇದಕ್ಕಿಂತ ಕೆಟ್ಟದ್ದು, ಇವತ್ತೇ ಹೊರಗಿಡಿ.)

ಎಮರಿ ಹಾಳೆಯಿಂದ ಉಜ್ಜಿದರೆ ಸರಿಹೋಗುತ್ತದೆಂದು ಒಂದು ಕೊಲೆಟನ್ನು ಉಜ್ಜಿದೆ. ಟೇಪರೇ ಕೆಟ್ಟು ಔಟ್ ಇನ್ನೂ ಹೆಚ್ಚಾಯಿತು. ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್‌ಗಳ ಹಿಡಿಕೆಯ ಮೇಲಿನ ತೆಳು ತುಕ್ಕನ್ನು ಹೀಗೆ ತೆಗೆಯಬಹುದು, ಕೊಲೆಟಿಗೆ ಮಾತ್ರ ಈ ಉಪಾಯ ಬೇಡ.

ಈಗ ಸ್ಪಂಜನ್ನೆಲ್ಲ ಕಿತ್ತೊಗೆದು, ತೂತು ಕೊರೆದ ಪ್ಲಾಸ್ಟಿಕ್ ಹಲಗೆಯಲ್ಲಿ ಎಂಡ್ ಮಿಲ್‌ಗಳನ್ನು ನಿಲ್ಲಿಸಿದ್ದೇನೆ. ಕೊಲೆಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿ, ತುಕ್ಕುನಿರೋಧಕ ಕಾಗದ ಹಾಸಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಕೂಲರ್ ಕಿಟಕಿಯ ಹೊರಗೆ ಹೋಗಿದೆ, ಷಟರ್ ಒಂದಡಿ ತೆರೆದಿರುತ್ತದೆ; ಧೂಳು ಬರುತ್ತದೆ, ಬರಲಿ. ನಿಮ್ಮ ಖಾನೆಯಲ್ಲೂ ಕೆಂಪು ಕಂಡರೆ ಬಿಳಿ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒರೆಸಿ, ಕೆಳಗಿನ ಉಕ್ಕನ್ನು ಭೂತಗನ್ನಡಿಯಲ್ಲಿ ನೋಡಿ. ಧೂಳಾಗಿದ್ದರೆ ಹೊಳಪು ಹಾಗೇ ಇರುತ್ತದೆ. ಕಪ್ಪು ಚುಕ್ಕೆಗಳು ಕಂಡರೆ ಆ ಕೊಲೆಟಿಗೆ ಡಯಲ್ ಹಚ್ಚದೆ ಕಟರ್ ಕಟ್ಟಬೇಡಿ.