ಮೂರು ಹಗುರ ಕಾರುಗಳು, ಒಂದು ಪಿಟೀಲು

ಮೊದಲೇ ಹೇಳಿಬಿಡುತ್ತೇನೆ: ನಾನು ಕೊಂಡದ್ದು ಮಜ್ದಾ ಎಂಎಕ್ಸ್-5. ನಾಲ್ಕು ವರ್ಷವಾಯಿತು, ಮಾರಿಲ್ಲ, ಮಾರುವ ಯೋಚನೆಯೂ ಇಲ್ಲ. ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬ ಗುಟ್ಟನ್ನು ಕೊನೆಯವರೆಗೆ ಕಾಪಾಡುವಷ್ಟು ನಟನೆ ನನ್ನಿಂದಾಗದು. ಹಾಗೆಂದು ಕಣ್ಣು ಮುಚ್ಚಿ ಕೊಂಡವನೂ ನಾನಲ್ಲ. ಗೆಳೆಯನ ಟೊಯೋಟಾ ಎಂಆರ್2 ಕಾರನ್ನು ಎರಡು ವಾರ ಎರವಲು ತಂದು ಓಡಿಸಿದ್ದೇನೆ. ಲೋಟಸ್ ಎಲೀಸ್ ಒಂದಕ್ಕೆ ಮುಂಗಡ ಕೊಡುವ ಗಳಿಗೆಯವರೆಗೂ ಹೋಗಿ ಹಿಂದೆ ಸರಿದಿದ್ದೇನೆ.

ಮೂರೂ ಎರಡೇ ಸೀಟಿನ, ಛಾವಣಿ ತೆಗೆಯಬಹುದಾದ, ವಯಸ್ಸಾದ ಕಾರುಗಳು. ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತವೆ ಎಂಬ ಲೆಕ್ಕ ಎಲ್ಲೆಡೆ ಸಿಗುತ್ತದೆ, ಇಲ್ಲಿ ಬೇಡ. ನನಗಿದ್ದ ಪ್ರಶ್ನೆಗಳು ಎರಡು. ಇಪ್ಪತ್ತು ವರ್ಷದ ಆಸುಪಾಸಿನ ಕಾರನ್ನು ದಿನವೂ ಓಡಿಸಿದರೆ ನನ್ನ ಸಂಬಳ ತಾಳುತ್ತದೆಯೇ? ಮತ್ತು, ಹೆಂಡತಿಯ ಪಿಟೀಲನ್ನು ಎಲ್ಲಿಡುವುದು? ಅವಳು ವಾರಕ್ಕೆ ಮೂರು ಸಂಜೆ ಪಾಠ ಹೇಳಲು ಹೋಗುತ್ತಾಳೆ; ಕರೆದೊಯ್ಯುವವನು ನಾನು. ನಮಗೆ ಇನ್ನೊಂದು ಕಾರಿಲ್ಲ.

ಎಲೀಸ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಮನಸ್ಸು ಮೊದಲು ಓಡಿದ್ದು ಅಲ್ಲಿಗೆ. ನಾನು ನೋಡಿದ್ದು 1996ರಲ್ಲಿ ಬಂದ ಮೊದಲ ಪೀಳಿಗೆಯ ಕಾರು. ಕಂಪನಿಯ ಅಂದಿನ ಮುಖ್ಯಸ್ಥ ರೊಮಾನೊ ಆರ್ತಿಯೋಲಿ ತನ್ನ ಮೊಮ್ಮಗಳು ಎಲೀಸಾಳ ಹೆಸರಿನಿಂದ ಅದಕ್ಕೆ ಹೆಸರಿಟ್ಟ. ಅಲ್ಯೂಮಿನಿಯಂ ತೊಲೆಗಳನ್ನು ಬೆಸುಗೆ ಹಾಕದೆ ಮುಖ್ಯವಾಗಿ ಅಂಟಿನಿಂದ ಕೂಡಿಸಿದ ಷಾಸಿ, ಅಂದರೆ ಕಾರಿನ ಅಸ್ಥಿಪಂಜರ. ಅದರ ತೂಕ 68 ಕಿಲೋ, ಇಡೀ ಕಾರಿನದು ಸುಮಾರು 725. ಪವರ್ ಸ್ಟೀರಿಂಗ್ ಇಲ್ಲ, ಬೇಕಾಗಿಯೂ ಇಲ್ಲ. ರಸ್ತೆಯ ಮೇಲೆ ಬಳಿದ ಬಿಳಿ ಗೆರೆಯ ದಪ್ಪವೂ ಅಂಗೈಗೆ ತಿಳಿಯುತ್ತದೆ. ಸ್ಟೀರಿಂಗ್ ಮಾತಿಗೆ ಬಂದರೆ ನನ್ನ ಕಾರು ಅದರ ಹತ್ತಿರಕ್ಕೂ ಸುಳಿಯದು. ಇದನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಸ್ವಲ್ಪ ಸಂಕಟವಾಗುತ್ತದೆ.

ಆದರೆ ಅದರೊಳಗೆ ಹತ್ತುವುದು ಎನ್ನುವಂತಿಲ್ಲ, ಇಳಿಯುವುದು ಎನ್ನಬೇಕು. ಷಾಸಿಯ ಬಲವೆಲ್ಲ ಬಾಗಿಲ ಕೆಳಗಿನ ಎತ್ತರದ, ಅಗಲವಾದ ಹೊಸ್ತಿಲಿನಲ್ಲಿದೆ. ಅದನ್ನು ದಾಟಿ, ಕಾಲು ಚಾಚಿ, ಸೊಂಟವನ್ನು ತಗ್ಗಿಸಿ ಜಾರಬೇಕು. ಹೆಂಡತಿ ಒಮ್ಮೆ ಪ್ರಯತ್ನಿಸಿ ಹೊರಬಂದವಳು, “ರೀ, ಇದರಲ್ಲಿ ಕುಳಿತು ಹೋಗುವುದಕ್ಕಿಂತ ಇದನ್ನು ಹೊತ್ತುಕೊಂಡು ಹೋಗುವುದೇ ಸುಲಭ” ಎಂದಳು. ಮಾರುವವರೂ ನಕ್ಕರು.

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಒಂದು ಗಂಟೆ ಓಡಿಸಿ ಬಂದ ಮೇಲೆ ಡಿಕ್ಕಿ ತೆರೆದು ಒಳಗೆ ಕೈಯಿಟ್ಟೆ. ಇಂಜಿನ್ನಿನ ಬೆನ್ನಿಗೇ ಅಂಟಿಕೊಂಡಿರುವ ಆ ಪುಟ್ಟ ಡಿಕ್ಕಿಯ ನೆಲ, ಆಗತಾನೇ ಇಸ್ತ್ರಿ ಮಾಡಿಟ್ಟ ಅಂಗಿಯಂತೆ ಬಿಸಿಯಾಗಿತ್ತು. ಪಿಟೀಲಿನ ಮರದ ಹಲಗೆಗಳನ್ನು ಕೂಡಿಸಿರುವುದೂ ಅಂಟಿನಿಂದಲೇ. ಕಾರಿನ ಅಂಟು ಬಿಸಿಗೆ ಜಗ್ಗುವುದಿಲ್ಲ; ಪಿಟೀಲಿನ ಅಂಟು ಪ್ರಾಣಿಯ ಚರ್ಮದಿಂದ ಮಾಡಿದ್ದು, ಬಿಸಿ ಹೆಚ್ಚಾದರೆ ಬಿಟ್ಟುಕೊಳ್ಳುತ್ತದೆ. ಹೆಂಡತಿ ನನ್ನ ಮುಖ ನೋಡಿದಳು. ನಾನು ಮುಂಗಡದ ಹಣವನ್ನು ಜೇಬಿನಲ್ಲೇ ಉಳಿಸಿಕೊಂಡೆ.

ಆ ಕಾರಿನ ಬೆಲೆ ನನ್ನ ಮಜ್ದಾದ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು ಎಂಬುದನ್ನೂ ಮರೆಮಾಚಬಾರದು. ಮುಂಭಾಗದ ಬಾಡಿ ಇಡಿಯಾಗಿ ಫೈಬರ್‌ಗ್ಲಾಸಿನ ಒಂದೇ ಚಿಪ್ಪು. ಬಂಪರ್, ಮಡ್‌ಗಾರ್ಡ್ ಎಂದು ಬೇರೆಬೇರೆ ಬಿಚ್ಚಲು ಬರುವುದಿಲ್ಲ. ನಿಲ್ಲಿಸಿದ ಕಡೆ ಯಾರೋ ಮೂತಿಗೆ ಉಜ್ಜಿಕೊಂಡು ಹೋದರೂ ಮೂಗಿಗಿಂತ ಮೂಗುತಿ ಭಾರ. ಮೊದಲ ಪೀಳಿಗೆಯ ರೋವರ್ ಕೆ-ಸೀರೀಸ್ ಇಂಜಿನ್ನಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗದ ಸಂದನ್ನು ಮುಚ್ಚುವ ಹಾಳೆ) ಹೋಗುವ ಹೆಸರೂ ಇದೆ. ರೇಡಿಯೇಟರ್ ಮೂತಿಯಲ್ಲಿ, ಇಂಜಿನ್ ಬೆನ್ನಲ್ಲಿ, ನಡುವೆ ಉದ್ದದ ಪೈಪುಗಳು. ನೀರು ಎಲ್ಲಿ ಕಡಿಮೆಯಾಗುತ್ತಿದೆ ಎಂದು ಸದಾ ಕಣ್ಣಿಟ್ಟಿರಬೇಕು. ವಾರಾಂತ್ಯಕ್ಕೆ ಮಾತ್ರ ತೆಗೆಯುವ ಎರಡನೇ ಕಾರಾಗಿ ಕೊಳ್ಳುವವರಿಗೆ ನಾನು ಅಡ್ಡ ಬರುವುದಿಲ್ಲ.

ಎಂಆರ್2 ಅದಕ್ಕಿಂತ ಸಂಭಾವಿತ. ನಾನು ಹೇಳುತ್ತಿರುವುದು 1999ರಿಂದ 2007ರವರೆಗೆ ಬಂದ ಮೂರನೇ ಪೀಳಿಗೆಯದು. ಇಂಜಿನ್ ಇಲ್ಲೂ ಸೀಟಿನ ಹಿಂದೆ. ಇದರ ಛಾವಣಿ ಮೂರರಲ್ಲೂ ಚೆನ್ನಾಗಿ ಮಡಚುತ್ತದೆ, ತಿರುವಿನಲ್ಲಿ ಮೂತಿ ತಡವರಿಸದೆ ಒಳಗೆ ನುಗ್ಗುತ್ತದೆ. ಒದ್ದೆ ರಸ್ತೆಯಲ್ಲಿ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಮಾತ್ರ ಬಾಲ ಬೀಸುತ್ತದೆ. ಎರಡನೇ ವಾರ ನಾನು ಆ ತಪ್ಪು ಮಾಡಿದೆ. ಕಾರು ಸರಿಹೋಯಿತು, ನನ್ನ ಎದೆಬಡಿತ ಸರಿಹೋಗಲು ಇನ್ನಷ್ಟು ಹೊತ್ತು ಹಿಡಿಯಿತು. ಗೆಳೆಯನಿಗೆ ಇಂದಿಗೂ ಹೇಳಿಲ್ಲ.

ಇದನ್ನು ಕೊಳ್ಳುವವರು ನೋಡಲೇಬೇಕಾದದ್ದು ಒಂದಿದೆ. ಆರಂಭದ ವರ್ಷಗಳ ಕಾರುಗಳಲ್ಲಿ ಪಿಸ್ಟನ್ ರಿಂಗುಗಳು ಆಯಿಲ್ ಕುಡಿಯುವುದು, ಇಂಜಿನ್ನಿಗೆ ಹತ್ತಿಕೊಂಡೇ ಇದ್ದು ಹೊಗೆಯನ್ನು ಶುದ್ಧಮಾಡುವ ಚಿಕ್ಕ ಕ್ಯಾಟಲಿಟಿಕ್ ಕನ್ವರ್ಟರುಗಳು ಒಳಗೊಳಗೆ ಪುಡಿಯಾಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಆ ಪುಡಿಯನ್ನು ಇಂಜಿನ್ ಹಿಮ್ಮುಖವಾಗಿ ಸಿಲಿಂಡರಿನೊಳಗೆ ಎಳೆದುಕೊಂಡರೆ ಅದು ಗೋಡೆಗಳನ್ನು ಗೀರಿಹಾಕುತ್ತದೆ. ಗೆಳೆಯ ಜಾಣ. ಹಣ ಕೊಡುವ ಮೊದಲೇ ಮೆಕ್ಯಾನಿಕ್‌ನಿಂದ ಆಕ್ಸಿಜನ್ ಸೆನ್ಸರುಗಳನ್ನು ಬಿಚ್ಚಿಸಿ, ಆ ತೂತಿನಿಂದ ಟಾರ್ಚ್ ಬಿಟ್ಟು ಕನ್ವರ್ಟರಿನೊಳಗಿನ ಜೇನುಗೂಡಿನಂಥ ಜಾಲ ಇಡಿಯಾಗಿದೆಯೇ ಎಂದು ಇಣುಕಿದ್ದ. ಅವನ ಕಾರು ಗಟ್ಟಿಯಾಗಿತ್ತು.

ಮತ್ತೆ ಪಿಟೀಲು. ಎಂಆರ್2ರಲ್ಲಿ ಡಿಕ್ಕಿ ಎಂಬುದೇ ಇಲ್ಲ. ಮುಂದಿನ ಮುಚ್ಚಳ ಎತ್ತಿದರೆ ಸ್ಟೆಪ್ನಿ ಮಲಗಿರುತ್ತದೆ. ಸೀಟುಗಳ ಹಿಂದೆ ಮುಚ್ಚಳವಿರುವ ಗೂಡೊಂದಿದೆ. ಸೀಟನ್ನು ಮುಂದಕ್ಕೆ ಬಾಗಿಸಿ ಅದಕ್ಕೆ ಸಾಮಾನು ತುರುಕಬೇಕು. ಉದ್ದದ ಪೆಟ್ಟಿಗೆ ಅದಕ್ಕೆ ಹೋಗಲಿಲ್ಲ. ಎರಡು ವಾರವೂ ಹೆಂಡತಿ ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಳು, ದೂರಲಿಲ್ಲ. ದೂರದೆ ಸುಮ್ಮನಿದ್ದದ್ದೇ ನನಗೆ ಉತ್ತರವಾಯಿತು.

ಇನ್ನು ನನ್ನ ಕಾರು. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಂಡ ಎಂಎಕ್ಸ್-5ಕ್ಕೆ ಕಪ್ಪೆಗಣ್ಣಿನಂತೆ ಮೇಲೇಳುವ ಹೆಡ್‌ಲೈಟುಗಳಿದ್ದವು. ಅದರ ಮೋಹ ನನಗೂ ಇತ್ತು. ಆದರೆ ಆ ಪೀಳಿಗೆಯನ್ನು ಈಗ ಸಂಗ್ರಹಕಾರರು ಮೇಲಕ್ಕೆತ್ತಿಬಿಟ್ಟಿದ್ದಾರೆ. ಹಿಂದಿನ ಪ್ಲಾಸ್ಟಿಕ್ ಕಿಟಕಿ ವಯಸ್ಸಾದಂತೆ ಮಂಜಾಗಿ ಬಿರಿಯುವುದು ಬೇರೆ. 1998ರಿಂದ 2005ರವರೆಗಿನ ಎರಡನೇ ಪೀಳಿಗೆಗೆ ಗಾಜಿನ ಕಿಟಕಿಯಿದೆ, ಬೆಲೆಯೂ ನನ್ನ ಕೈಗೆಟುಕುವಂತಿತ್ತು. ನನ್ನದು 2002ರದು. ಪಿಟೀಲು ಪೆಟ್ಟಿಗೆ ಡಿಕ್ಕಿಯಲ್ಲಿ ಓರೆಯಾಗಿ ಮಲಗುತ್ತದೆ, ಇಂಜಿನ್ ಮುಂದಿರುವುದರಿಂದ ತಣ್ಣಗಿರುತ್ತದೆ. ವ್ಯಾಪಾರ ಅಲ್ಲೇ ಮುಗಿದಿತ್ತು ಎನ್ನಬಹುದು.

ಎರಡನೇ ಮಳೆಗಾಲದಲ್ಲಿ ವಾಸನೆ ಶುರುವಾಯಿತು. ಮುಚ್ಚಿಟ್ಟ ಕೋಣೆಯಲ್ಲಿ ಒದ್ದೆ ಗೋಣಿಚೀಲ ಮರೆತಂತೆ. ಸೀಟುಗಳ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತಿತ್ತು. ಬಟ್ಟೆಯ ಛಾವಣಿಯ ಕಾರು, ಒಳಗೆ ನೀರು: ಯಾರಾದರೂ ಯಾರನ್ನು ಅನುಮಾನಿಸುತ್ತಾರೆ? ನಾನು ಛಾವಣಿಯನ್ನೇ ಹಿಡಿದೆ. ಒಂದು ವರ್ಕ್‌ಶಾಪಿನಲ್ಲಿ ಕಿಟಕಿಯ ಸುತ್ತಲಿನ ರಬ್ಬರುಗಳನ್ನೆಲ್ಲ ಬದಲಿಸಿದರು. ಮುಂದಿನ ಮಳೆಗೆ ಮತ್ತೆ ಒದ್ದೆ. ಹೊಲಿಗೆಯಲ್ಲಿ ಇಳಿಯುತ್ತಿರಬೇಕು ಎಂದು ನೀರು ತಡೆಯುವ ದ್ರಾವಣವನ್ನು ನಾನೇ ಎರಡು ಸಲ ಬಳಿದೆ. ಮತ್ತೆ ಒದ್ದೆ. ಆಗ ಅದೇ ವರ್ಕ್‌ಶಾಪಿನವರು, ಛಾವಣಿಯನ್ನೇ ಹೊಸದಾಗಿ ಹಾಕಿಸಿ ಎಂದರು. ಕಾರಿಗೆ ಕೊಟ್ಟ ಹಣದ ಕಾಲುಭಾಗ ಅದಕ್ಕೇ ಬೇಕಿತ್ತು. ಹೂಂ ಎನ್ನುವುದರಲ್ಲಿದ್ದೆ.

ಆ ರಾತ್ರಿ ಪಾಠ ಮುಗಿಸಿಕೊಂಡು ಬರುವಾಗ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ. ಹೆಂಡತಿ ತಲೆ ಓರೆ ಮಾಡಿದಳು. ಶ್ರುತಿ ಸೇರಿಸುವಾಗ ಹಾಗೆ ಮಾಡುತ್ತಾಳೆ.

“ರೀ, ಎಲ್ಲೋ ನೀರು ಅಲುಗಾಡುತ್ತಿದೆ.”

“ಬಾಟಲಿ ಇರಬೇಕು.”

“ಬಾಟಲಿ ನನ್ನ ಕೈಯಲ್ಲಿದೆ. ಶಬ್ದ ಎಡಗಡೆ, ಬಾಗಿಲ ಕೆಳಗೆ. ಇನ್ನೊಮ್ಮೆ ಬ್ರೇಕ್ ಹಾಕಿ.”

ಹಾಕಿದೆ. ಬಾಗಿಲ ಕೆಳಗಿನ ಹೊಸ್ತಿಲಿನೊಳಗೆ, ಅರ್ಧ ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆದಂತೆ, ಗುಳುಕ್ ಎಂದಿತು. ಎರಡು ವರ್ಷ ಓಡಿಸಿದ ನನಗೆ ಕೇಳಿಸದಿದ್ದದ್ದು ಅವಳಿಗೆ ಕೇಳಿಸಿತು.

ಮರುದಿನ ಕಾರಿನ ಹಿಂದೆ ಮಂಡಿಯೂರಿದಾಗ ಸಂಗತಿ ತಿಳಿಯಿತು. ಈ ಕಾರಿನ ಛಾವಣಿಯ ಹಿಂಬದಿಯಲ್ಲಿ ಇಳಿಯುವ ಮಳೆನೀರು ಹೊರಗೆ ಹೋಗುವುದಿಲ್ಲ. ಛಾವಣಿಯ ಬುಡದಲ್ಲಿರುವ ದೋಣಿಯೊಂದಕ್ಕೆ ಬೀಳುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕೊಳವೆ, ಸೀಟ್‌ಬೆಲ್ಟಿನ ಕಂಬದ ಬಳಿ ಕೆಳಗಿಳಿದು ಹಿಂದಿನ ಚಕ್ರದ ಮುಂದೆ ಬಾಯಿ ತೆರೆಯುತ್ತದೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು, ಹೂವಿನ ಎಸಳು ಎಲ್ಲ ಆ ಕೊಳವೆಗಳಲ್ಲಿ ಸೇರಿ ಗೊಬ್ಬರವಾಗುತ್ತದೆ. ಆಮೇಲೆ ನೀರು ಒಂದೋ ಉಕ್ಕಿ ಕಾರ್ಪೆಟ್ಟಿಗೆ ಬರುತ್ತದೆ, ಇಲ್ಲವೇ ಹೊಸ್ತಿಲಿನ ಪೊಳ್ಳಿಗೆ ಇಳಿದು ನಿಲ್ಲುತ್ತದೆ. ಮೊದಲಿನ ಮಾಲೀಕರೂ ತೆಗೆಸಿರಲಿಲ್ಲ, ನಾನೂ ನೋಡಿರಲಿಲ್ಲ. ಉದ್ದದ ನೈಲಾನ್ ಪಟ್ಟಿಯೊಂದನ್ನು ಮೇಲಿನಿಂದ ಮೆಲ್ಲಗೆ ತಿರುಗಿಸುತ್ತ ಇಳಿಸಿದೆ. ಜೋರು ಮಾಡಿದರೆ ಹಳೆಯ ಕೊಳವೆ ಹರಿಯುತ್ತದೆ ಅಥವಾ ಕಳಚಿಕೊಳ್ಳುತ್ತದೆ, ಆಗ ಕಥೆ ಬೇರೆ. ಹತ್ತು ನಿಮಿಷದ ಮೇಲೆ ಚಕ್ರದ ಮುಂದೆ ಕಪ್ಪು ನೀರು ಬುಳಕ್ಕೆಂದು ಬಿತ್ತು, ಹಿಂದೆಯೇ ಒಂದು ಹಿಡಿ ಕೊಳೆತ ಎಲೆ. ರಬ್ಬರು, ದ್ರಾವಣ, ವರ್ಕ್‌ಶಾಪಿನ ಕೂಲಿ ಎಲ್ಲ ಸೇರಿ ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

ಇಲಿ ಮಾತ್ರ ಕಚ್ಚಿಯೇ ಹೋಗಿತ್ತು. ನಿಂತ ನೀರು ಎಡ ಹೊಸ್ತಿಲಿನ ಹಿಂತುದಿಯನ್ನು ಒಳಗಿನಿಂದ ತಿಂದಿತ್ತು; ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಬಿಸ್ಕತ್ತಿನ ಶಬ್ದ. ಕತ್ತರಿಸಿ ಹೊಸ ತಗಡು ಬೆಸೆಯಬೇಕಾಯಿತು. ಛಾವಣಿಗೆ ಹೋಗಬೇಕಿದ್ದ ಹಣದ ಅರ್ಧ ಅಲ್ಲಿಗೆ ಹೋಯಿತು. ಈ ಕಾರನ್ನು ನೋಡಲು ಹೋಗುವವರು ಇಂಜಿನ್ನಿನ ಶಬ್ದ ಕೇಳುವ ಮೊದಲು ಒಂದು ಬಾಟಲಿ ನೀರು ಒಯ್ಯಿರಿ. ಛಾವಣಿಯ ಬುಡದ ದೋಣಿಗೆ ನಿಧಾನವಾಗಿ ಸುರಿದು, ಎರಡೂ ಹಿಂಚಕ್ರಗಳ ಮುಂದೆ ನೆಲ ಒದ್ದೆಯಾಗುತ್ತದೆಯೇ ನೋಡಿ. ಆಗದಿದ್ದರೆ ಹೊಸ್ತಿಲಿನ ಹಿಂತುದಿಗೆ ಆಯಸ್ಕಾಂತ ಹಿಡಿಯಿರಿ. ಅದು ಅಂಟದಿದ್ದರೆ ಬಣ್ಣದ ಕೆಳಗಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ.

ಇಷ್ಟೆಲ್ಲ ಆಗಿಯೂ ಇದೇ ಏಕೆ? ಎಲೀಸ್‌ನಲ್ಲಿ ಇಷ್ಟೇ ಅನಾಹುತವಾಗಿದ್ದರೆ ಕಾರನ್ನು ಮಾರಬೇಕಿತ್ತು. ಇಲ್ಲಿ ಒಂದು ತಿಂಗಳು ಕೈ ಬಿಗಿ ಹಿಡಿದರೆ ಸಾಕಾಯಿತು. 2016ಕ್ಕೆ ಹತ್ತು ಲಕ್ಷ ತಯಾರಾದ ಕಾರಿದು, ಬಿಡಿಭಾಗಕ್ಕೆ ಯಾರನ್ನೂ ಗೋಗರೆಯಬೇಕಿಲ್ಲ. ಗೇರ್ ಲಿವರ್ ಮಣಿಕಟ್ಟಿನ ಒಂದು ತಿರುವಿಗೆ ಬೀಳುತ್ತದೆ. ಕುದುರೆಯೂ ಸವಾರನೂ ಒಂದೇ ಎಂಬರ್ಥದ “ಜಿನ್ಬಾ ಇತ್ತಾಯ್” ಎಂಬ ಜಪಾನಿ ಮಾತನ್ನು ಕಂಪನಿಯವರು ಇದಕ್ಕೆ ಹೇಳುತ್ತಾರೆ. ಜಾಹೀರಾತಿನ ಮಾತು ಎಂದುಕೊಂಡಿದ್ದೆ. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ, ತರಗತಿಗೆ ತಡವಾಗಿ ಹೋಗುವ ಸಂಜೆಯಲ್ಲೂ ಅದು ನಿಜವೆನಿಸುತ್ತದೆ. ಎಂಆರ್2 ಅಷ್ಟು ನಿಧಾನದಲ್ಲಿ ನನ್ನೊಡನೆ ಮಾತನಾಡಲಿಲ್ಲ. ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನು ಒಂಟಿ, ಬೆನ್ನಿಗೊಂದು ಚೀಲ ಹಾಕಿಕೊಂಡು ಊರೂರು ಸುತ್ತುವವನು, ಮುಂಜಾನೆ ಖಾಲಿ ರಸ್ತೆ ಹುಡುಕಿ ಹೋಗುವವನು. ಅವನಿಗೆ ಅದೇ ಸರಿ.

ನೈಲಾನ್ ಪಟ್ಟಿ ಈಗ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇರುತ್ತದೆ. ಮೊನ್ನೆ ಜೋರು ಮಳೆ ನಿಂತ ಮೇಲೆ ಹೊರಟೆವು. ತಿರುವು ದಾಟಿ ಬ್ರೇಕ್ ಹಾಕಿದಾಗ ಹೆಂಡತಿ ಮತ್ತೆ ತಲೆ ಓರೆ ಮಾಡಿದಳು. ನಾನು ಉಸಿರು ಬಿಗಿಹಿಡಿದೆ.

“ಈ ಸಲ ಬಲಗಡೆ” ಎಂದಳು.