ಡಿಮಾರ್ಟ್, ನಾಮಧಾರೀಸ್ ಫ್ರೆಶ್, ಹಾಪ್‌ಕಾಮ್ಸ್: ಯಾವುದು ಯಾರಿಗೆ?

ದಿನಸಿ, ತರಕಾರಿಗೆ ಈ ಮೂರರಲ್ಲಿ ಎಲ್ಲಿಗೆ ಹೋಗಬೇಕು ಎಂದು ಬೆಂಗಳೂರಲ್ಲಿ ಹೊಸದಾಗಿ ಮನೆ ಮಾಡಿದವರು ಕೇಳಿದ್ದೀರಿ. ಬೇಳೆ, ಎಣ್ಣೆ, ಸೋಪಿನಂಥ ತಿಂಗಳ ಸಾಮಾನಿಗೆ ಡಿಮಾರ್ಟ್‌ಗೇ ಹೋಗಿ. ಹೆಚ್ಚಿನವು ಎಂಆರ್‌ಪಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ, ದೊಡ್ಡ ಸಂಸಾರಕ್ಕೆ ಅದೇ ಲಾಭ. ತಿಂಗಳ ಮೊದಲ ವಾರಾಂತ್ಯ ಮಾತ್ರ ಬೇಡ, ಬಿಲ್ಲಿಂಗ್ ಸಾಲು ಕರಗುವುದೇ ಇಲ್ಲ!

ತರಕಾರಿಗೆ ಲೆಕ್ಕ ಬೇರೆ. ಹಾಪ್‌ಕಾಮ್ಸ್ 1959ರಲ್ಲಿ ಶುರುವಾದ ರೈತರ ಸಹಕಾರ ಸಂಘ. ದಿನದ ದರ ಬೋರ್ಡಿನಲ್ಲೇ ಇರುತ್ತದೆ, ಚೌಕಾಸಿ ಬೇಕಿಲ್ಲ. ಮಾವು, ದ್ರಾಕ್ಷಿ ಕಾಲದಲ್ಲಿ ಮೇಳದ ರಿಯಾಯಿತಿಯೂ ಉಂಟು. ಮಳಿಗೆ ಚಿಕ್ಕದು, ಆಯ್ಕೆ ಕಡಿಮೆ. ಸಂಜೆಗೆ ಸೊಪ್ಪು ಬಾಡಿರಬಹುದು, ಬೆಳಿಗ್ಗೆಯೇ ಹೋಗಿ.

ಬ್ರೊಕೊಲಿ, ಲೆಟ್ಯೂಸ್ ದಿನಾ ಬೇಕಾ? ಹಾಗಾದರೆ ನಾಮಧಾರೀಸ್. ಬೆಲೆ ಜಾಸ್ತಿಯೇ, ಆದರೆ ತರಕಾರಿ ಆರಿಸಿ, ಚೊಕ್ಕಟವಾಗಿ ಇಟ್ಟಿರುತ್ತಾರೆ. ಇಬ್ಬರೇ ಇದ್ದು, ಸ್ವಲ್ಪ ಸ್ವಲ್ಪವೇ ಕೊಳ್ಳುವವರಿಗೆ ಆ ವ್ಯತ್ಯಾಸ ಅಷ್ಟು ಭಾರವಾಗದು.